ಬೈಬಲಿನ ಮೂರು ಪ್ರಶ್ನೆಗಳು: ಬಳ್ಳಾರಿಯ ನೆಲೆಯಿಂದ ಒಂದು ವಿವೇಚನೆ

ಬಳ್ಳಾರಿ ನಗರದಲ್ಲಿ ಕನ್ನಡ ಬೈಬಲಿನ ಎರಡು ಬಗೆಯ ಆವೃತ್ತಿಗಳು ಬಳಕೆಯಲ್ಲಿವೆ. ಪ್ರೊಟೆಸ್ಟೆಂಟ್ ಕ್ರೈಸ್ತರು ಓದುವ ಆವೃತ್ತಿಯಲ್ಲಿ ೬೬ ಗ್ರಂಥಗಳಿವೆ. ಕಥೋಲಿಕ ಕ್ರೈಸ್ತರು ಓದುವುದರಲ್ಲಿ ೭೩ ಗ್ರಂಥಗಳಿವೆ. ಮೊದಲನೆಯದರಲ್ಲಿ ‘ಸುವಾರ್ತೆ’ ಎಂದಿರುವುದು ಎರಡನೆಯದರಲ್ಲಿ ‘ಶುಭಸಂದೇಶ’ವಾಗಿದೆ, ‘ಯೋಹಾನ’ನೆಂಬ ಹೆಸರು ‘ಯೊವಾನ್ನ’ನಾಗಿದೆ. ಇವೆರಡನ್ನೂ ಎದುರಿಗಿಟ್ಟುಕೊಂಡ ವಿದ್ಯಾರ್ಥಿಗೆ ಸಹಜವಾಗಿಯೇ ಒಂದು ಪ್ರಶ್ನೆ ಹುಟ್ಟುತ್ತದೆ: ಇವುಗಳಲ್ಲಿ ಮೂಲ ಯಾವುದು? ಏಳು ಗ್ರಂಥಗಳನ್ನು ಒಬ್ಬರು ಸೇರಿಸಿದರೋ, ಇನ್ನೊಬ್ಬರು ತೆಗೆದುಹಾಕಿದರೋ?

ಪ್ರಶ್ನೆ ನ್ಯಾಯವಾದುದೇ. ಆದರೆ ಅದನ್ನು ಕೇಳುವ ಧಾಟಿಯಲ್ಲಿ ಅದು ಎಷ್ಟೋ ವೇಳೆ ಆರೋಪವಾಗಿ ಪರಿಣಮಿಸುತ್ತದೆ. ಕೂಡಿಸಿದವರು ಕಳ್ಳರು, ಕಳೆದವರು ದ್ರೋಹಿಗಳು ಎಂಬ ತೀರ್ಪು ಚರ್ಚೆಗೆ ಮೊದಲೇ ಸಿದ್ಧವಾಗಿಬಿಡುತ್ತದೆ. ಚರಿತ್ರೆಯ ಅಧ್ಯಾಪಕನಾದವನು ಇಂತಹ ಪ್ರಶ್ನೆಯನ್ನು ಮತಕ್ಕೆ ಸಂಬಂಧಿಸಿದ್ದೆಂದು ಬದಿಗೊತ್ತುವುದೂ ಸರಿಯಲ್ಲ. ಒಂದು ಪಕ್ಷವನ್ನು ಹಿಡಿದು ಉತ್ತರ ಹೇಳುವುದೂ ಸರಿಯಲ್ಲ. ಹಸ್ತಪ್ರತಿಗಳ ಸಾಕ್ಷ್ಯವನ್ನು ಮುಂದಿಟ್ಟು, ಯಾವ ಭೇದ ಯಾವ ಕಾರಣದಿಂದ ಉಂಟಾಯಿತೆಂಬುದನ್ನು ತೋರಿಸುವುದಷ್ಟೇ ಅವನ ಕೆಲಸ. ಗ್ರಂಥಗಳ ಆಯ್ಕೆ, ಭಾಷಾಂತರ, ಪ್ರತಿಲೇಖನ ಎಂಬ ಮೂರು ಬೇರೆ ಬೇರೆ ಕಾರಣಗಳಿಂದ ಹುಟ್ಟಿದ ಭೇದಗಳನ್ನು ಒಂದೇ ಎಂದು ತಿಳಿಯುವುದರಿಂದಲೇ ಗೊಂದಲವೆಲ್ಲ ಬರುತ್ತದೆ. ಒಂದೊಂದಕ್ಕೂ ಒಂದು ನಿದರ್ಶನವನ್ನು ಕೊಟ್ಟು ಈ ಮಾತನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಬಳ್ಳಾರಿಗೆ ಬೈಬಲು ಬಂದ ಎರಡು ದಾರಿಗಳು

೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಹತ್ತು ವರ್ಷಗಳ ತರುವಾಯ, ೧೮೧೦ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದನು. ಬೈಬಲನ್ನು ಕನ್ನಡಕ್ಕೆ ತರುವ ಕೆಲಸವನ್ನು ಆತನು ಇಲ್ಲಿಯೇ ಕೈಗೊಂಡನು. ಆತನಿಗೆ ನೆರವಾದ ವಿಲಿಯಂ ರೀವ್ ಕನ್ನಡ ನಿಘಂಟುಕಾರನೆಂದು ಪ್ರಸಿದ್ಧನಾದವನು. ಅವನ ಕನ್ನಡ–ಇಂಗ್ಲಿಷ್ ನಿಘಂಟು ೧೮೩೨ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ೧೮೨೦ರ ದಶಕದಲ್ಲಿ ಹೊಸ ಒಡಂಬಡಿಕೆಯೂ, ೧೮೩೦ರ ದಶಕದ ಆರಂಭದಲ್ಲಿ ಸಮಗ್ರ ಬೈಬಲೂ ಕನ್ನಡದಲ್ಲಿ ಹೊರಬಂದವು. ಇದೇ ಕಾಲದಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಬಳಗವೂ ಕನ್ನಡ ಹೊಸ ಒಡಂಬಡಿಕೆಯ ಕೆಲಸದಲ್ಲಿ ತೊಡಗಿತ್ತು. ೧೮೧೨ರ ಮಾರ್ಚಿಯಲ್ಲಿ ಅಲ್ಲಿಯ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಆ ಕನ್ನಡ ಹಸ್ತಪ್ರತಿಯು ಸುಟ್ಟುಹೋದುದರಿಂದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಬೇರೆ ಪ್ರತಿಯಿಲ್ಲದ ಗ್ರಂಥದ ಗತಿ ಏನೆಂಬುದಕ್ಕೆ ಇದು ನಮ್ಮ ಭಾಷೆಯದೇ ಆದ ಒಂದು ನಿದರ್ಶನ.

ಕಥೋಲಿಕ ಧರ್ಮವು ಕನ್ನಡನಾಡಿಗೆ ಇದಕ್ಕಿಂತ ಮುಂಚೆಯೇ ಬಂದಿದ್ದಿತು. ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ೧೬೪೮ರಲ್ಲಿ ಶ್ರೀರಂಗಪಟ್ಟಣವನ್ನು ಸೇರಿ, ಕನ್ನಡವನ್ನು ಕಲಿತು, ಧರ್ಮೋಪದೇಶದ ಪ್ರಶ್ನೋತ್ತರ ಗ್ರಂಥವನ್ನೂ ವ್ಯಾಕರಣವನ್ನೂ ರಚಿಸಿದನು. ಬಳ್ಳಾರಿಯ ಕಥೋಲಿಕ ಧರ್ಮಕ್ಷೇತ್ರವು ಸ್ಥಾಪಿತವಾದುದು ೧೯೪೯ರಲ್ಲಿ. ಕಥೋಲಿಕ ಗುರುಗಳು ಮೊದಲು ಕೈಹಾಕಿದ್ದು ಉಪದೇಶ ಗ್ರಂಥಗಳಿಗೇ ಹೊರತು ಸಮಗ್ರ ಬೈಬಲಿನ ಭಾಷಾಂತರಕ್ಕಲ್ಲ. ಪೂಜಾವಿಧಿಯ ಭಾಷೆ ಲ್ಯಾಟಿನ್ ಆಗಿದ್ದಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ (೧೯೬೨–೬೫) ಅನಂತರವೇ ಬಲಿಪೂಜೆಯು ದೇಶಭಾಷೆಗಳಲ್ಲಿ ನಡೆಯತೊಡಗಿತು. ಹೀಗೆ ಒಂದೇ ಧರ್ಮಗ್ರಂಥವು ಎರಡು ದಾರಿಗಳಿಂದ ನಮ್ಮ ಊರಿಗೆ ಬಂದಿದೆ: ಒಂದು, ಹೀಬ್ರೂ ಮತ್ತು ಗ್ರೀಕ್ ಪಾಠಗಳಿಗೆ ಪ್ರಾಧಾನ್ಯವಿತ್ತ ಪ್ರೊಟೆಸ್ಟೆಂಟ್ ದಾರಿ, ಇನ್ನೊಂದು, ಲ್ಯಾಟಿನ್ ಭಾಷಾಂತರವಾದ ‘ವಲ್ಗೇಟ್’ ಪಾಠದ ದಾರಿ.

೨. ಕಲ್ಲು ಮತ್ತು ಚರ್ಮಪತ್ರ

ಮುಂದಿನ ವಿಚಾರಕ್ಕೆ ಬೇಕಾದ ಒಂದು ಪೀಠಿಕೆಯನ್ನು ನಮ್ಮ ಜಿಲ್ಲೆಯ ಶಾಸನಗಳಿಂದಲೇ ಪಡೆಯಬಹುದು. ಕುರುಗೋಡಿನಲ್ಲಿ ಆಳಿದ ಸಿಂದರ ಕಾಲದ, ಕ್ರಿ. ಶ. ೧೨ನೆಯ ಶತಮಾನದ, ಕನ್ನಡ ಶಿಲಾಶಾಸನಗಳಿವೆ. ಅಲ್ಲಿ ಕಂಡರಿಸಿದ ಕಲ್ಲೇ ಮೂಲಪ್ರತಿ. ಕಂಡರಣೆಗಾರನ ಕೈತಪ್ಪುಗಳೇನಾದರೂ ಇದ್ದರೆ ಅವೂ ಇಂದಿಗೂ ನಮ್ಮ ಕಣ್ಣೆದುರಿಗಿರುತ್ತವೆ. ಪುಸ್ತಕದ ಸ್ಥಿತಿ ಹೀಗಲ್ಲ. ಬೈಬಲಿನ ಯಾವ ಗ್ರಂಥಕ್ಕೂ ಕರ್ತೃವಿನ ಕೈಬರೆಹದ ಪ್ರತಿ ಉಳಿದಿಲ್ಲ. ಉಳಿದಿರುವುದೆಲ್ಲ ಪ್ರತಿಯ ಪ್ರತಿ, ಅದರ ಪ್ರತಿ. ಪಂಪ ರನ್ನರ ಕಾವ್ಯಗಳ ಸ್ಥಿತಿಯೂ ಇದೇ ಆಗಿದೆಯಷ್ಟೆ.

ಒಂದೇ ಪಾಠವು ಹಲವೆಡೆ ದೊರೆತಾಗ ಏನು ಮಾಡಬೇಕೆಂಬುದಕ್ಕೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಅದೇ ಸೀಮೆಯ ಉಡೇಗೋಳಗಳ ಅಶೋಕ ಶಾಸನಗಳು ಒಳ್ಳೆಯ ಪಾಠ ಹೇಳುತ್ತವೆ. ಈ ಲಘು ಶಿಲಾಶಾಸನಗಳ ಆಜ್ಞೆಯು ದೇಶದ ಅನೇಕ ಸ್ಥಳಗಳಲ್ಲಿ ಕೆತ್ತಲ್ಪಟ್ಟಿದೆ. ಆದರೆ ಮಾತುಗಳು ಎಲ್ಲೆಡೆಯೂ ಒಂದೇ ಆಗಿಲ್ಲ. ಬಹುತೇಕ ಕಡೆಗಳಲ್ಲಿ ರಾಜನನ್ನು ‘ದೇವಾನಾಂಪ್ರಿಯ’ನೆಂದಷ್ಟೇ ಕರೆದಿದೆ. ೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನೆಂಬ ಹೆಸರು ಕಾಣಿಸಿತು. ನಿಟ್ಟೂರು ಉಡೇಗೋಳಗಳಲ್ಲಿಯೂ ಆ ಹೆಸರಿದೆ. ಹೆಸರಿಲ್ಲದ ಶಾಸನಗಳು ಕೃತ್ರಿಮವೆಂದಾಗಲಿ, ಹೆಸರುಳ್ಳವು ತಿದ್ದಿದವೆಂದಾಗಲಿ ಯಾವ ವಿದ್ವಾಂಸನೂ ಹೇಳಲಿಲ್ಲ. ಎಲ್ಲವನ್ನೂ ಹೋಲಿಸಿ ನೋಡಿ, ಪ್ರತಿಯೊಂದರಿಂದಲೂ ತಿಳಿಯತಕ್ಕದ್ದನ್ನು ತಿಳಿದುಕೊಂಡರು. ಪ್ರತಿ ಎಷ್ಟು ಹಳೆಯದು? ಅದು ಇತರ ಪ್ರತಿಗಳಿಂದ ಸ್ವತಂತ್ರವಾದುದೇ? ಯಾವ ಪಾಠದಿಂದ ಉಳಿದ ಪಾಠಗಳು ಹುಟ್ಟಿದ ಬಗೆಯನ್ನು ವಿವರಿಸಲು ಸಾಧ್ಯ? ಈ ಮೂರು ಮಾತುಗಳನ್ನು ಕೇಳುವುದೇ ಗ್ರಂಥಸಂಪಾದನ ಶಾಸ್ತ್ರದ ತಿರುಳು. ಇದೇ ಅಳತೆಗೋಲನ್ನು ಬೈಬಲಿಗೂ ಹಿಡಿದು ನೋಡೋಣ.

೩. ಮೊದಲನೆಯ ಪ್ರಶ್ನೆ: ಅರುವತ್ತಾರೋ, ಎಪ್ಪತ್ತಮೂರೋ?

ಹೊಸ ಒಡಂಬಡಿಕೆಯ ೨೭ ಗ್ರಂಥಗಳ ವಿಷಯದಲ್ಲಿ ಉಭಯ ಪಂಗಡಗಳಿಗೂ ಭೇದವಿಲ್ಲ. ಭೇದವಿರುವುದೆಲ್ಲ ಹಳೆಯ ಒಡಂಬಡಿಕೆಯಲ್ಲಿ: ಒಂದೆಡೆ ೩೯, ಇನ್ನೊಂದೆಡೆ ೪೬. ತೋಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಗ್ರಂಥಗಳು—ಇವೇ ಆ ಏಳು. ಎಸ್ತೇರಳ ಮತ್ತು ದಾನಿಯೇಲನ ಗ್ರಂಥಗಳಲ್ಲಿ ಕೆಲವು ಹೆಚ್ಚಿನ ಭಾಗಗಳೂ ಇವೆ.

ಕ್ರಿಸ್ತಪೂರ್ವ ೩ನೆಯ ಶತಮಾನದಿಂದ ಮೊದಲ್ಗೊಂಡು ಯಹೂದ್ಯರ ಧರ್ಮಗ್ರಂಥಗಳು ಗ್ರೀಕ್ ಭಾಷೆಗೆ ಪರಿವರ್ತಿತವಾದವು. ‘ಸೆಪ್ಟುವಜಿಂಟ್’ ಎಂದು ಹೆಸರಾದ ಈ ಗ್ರೀಕ್ ಪಾಠವೇ ಆದಿಕಾಲದ ಕ್ರೈಸ್ತರ ಕೈಯಲ್ಲಿದ್ದುದು. ಈ ಏಳು ಗ್ರಂಥಗಳು ಅದರೊಡನೆ ಪ್ರಚಾರದಲ್ಲಿದ್ದವು. ಯಹೂದ್ಯರು ತಮ್ಮ ಹೀಬ್ರೂ ಗ್ರಂಥಗಳನ್ನು ೨೪ ಎಂದು ಎಣಿಸಿದರು. ಅವನ್ನೇ ಬೇರೆ ರೀತಿಯಲ್ಲಿ ವಿಂಗಡಿಸಿದಾಗ ೩೯ ಆಗುತ್ತವೆ. ಕ್ರಿ. ಶ. ೪ ಮತ್ತು ೫ನೆಯ ಶತಮಾನಗಳ ಮೂರು ಮಹಾ ಗ್ರೀಕ್ ಹಸ್ತಪ್ರತಿಗಳನ್ನು ತೆಗೆದುಕೊಳ್ಳಿ. ವ್ಯಾಟಿಕನ್ ಪ್ರತಿಯಲ್ಲಿ ಮಕ್ಕಬಿಯರ ಗ್ರಂಥಗಳೇ ಇಲ್ಲ. ಸಿನಾಯ್ ಪ್ರತಿಯಲ್ಲಿ ಮಕ್ಕಬಿಯರ ಮೊದಲನೆಯ ಮತ್ತು ನಾಲ್ಕನೆಯ ಗ್ರಂಥಗಳಿವೆ. ಅಲೆಕ್ಸಾಂಡ್ರಿಯದ ಪ್ರತಿಯಲ್ಲಿ ನಾಲ್ಕೂ ಇವೆ. ಮೂರು ಪ್ರಾಚೀನ ಪ್ರತಿಗಳಿಗೆ ಮೂರು ಪಟ್ಟಿಗಳು! ಅಂಚುಗಳಲ್ಲಿ ಪಟ್ಟಿಯು ಇನ್ನೂ ಗಟ್ಟಿಯಾಗಿರಲಿಲ್ಲವೆಂಬುದನ್ನು ಇದು ತೋರಿಸುತ್ತದೆ.

ಪೋಪ್ ದಮಾಸಸನ ಅಪೇಕ್ಷೆಯಂತೆ ಕ್ರಿ. ಶ. ೩೮೨ರ ಸುಮಾರಿಗೆ ಲ್ಯಾಟಿನ್ ಪಾಠದ ಪರಿಷ್ಕರಣಕ್ಕೆ ತೊಡಗಿದ ಜೆರೋಮನು ಹೀಬ್ರೂ ಪಟ್ಟಿಗೆ ಹೊರಗಾದ ಗ್ರಂಥಗಳನ್ನು ಬೇರೆಯಾಗಿಯೇ ಎಣಿಸಿದನು. ಆದರೂ ತೋಬಿತ ಯೂದಿತಗಳನ್ನು ಭಾಷಾಂತರಿಸಿದನು. ಅವನ ಸಮಕಾಲೀನನಾದ ಆಗಸ್ಟೀನನು ಅವೆಲ್ಲವೂ ಶಾಸ್ತ್ರಗ್ರಂಥಗಳೇ ಎಂದನು. ೩೯೭ರ ಕಾರ್ಥೇಜ್ ಸಭೆಯ ಪಟ್ಟಿಯಲ್ಲಿ ಅವು ಸೇರಿದವು. ಲೂಥರನು ೧೫೩೪ರ ತನ್ನ ಜರ್ಮನ್ ಬೈಬಲಿನಲ್ಲಿ ಅವನ್ನು ಹಳೆಯ ಒಡಂಬಡಿಕೆಯ ಕೊನೆಯಲ್ಲಿ ಪ್ರತ್ಯೇಕವಾಗಿರಿಸಿ, ಶಾಸ್ತ್ರಕ್ಕೆ ಸಮಾನವಲ್ಲದಿದ್ದರೂ ಓದಲು ಹಿತವಾದುವೆಂದು ಸೂಚಿಸಿದನು. ೧೫೪೬ರಲ್ಲಿ ಟ್ರೆಂಟ್ ಮಹಾಸಭೆಯು ಅವು ಇತರ ಗ್ರಂಥಗಳಂತೆಯೇ ಪವಿತ್ರವೆಂದು ವಿಧಿಸಿತು. ೧೬೧೧ರ ಇಂಗ್ಲಿಷ್ ಬೈಬಲಿನಲ್ಲಿಯೂ ಅವು ಪ್ರತ್ಯೇಕ ಭಾಗವಾಗಿ ಅಚ್ಚಾಗಿದ್ದವೆಂಬುದನ್ನು ಅನೇಕರು ಮರೆಯುತ್ತಾರೆ. ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿಯು ಅವುಗಳ ಮುದ್ರಣಕ್ಕೆ ತನ್ನ ಹಣವನ್ನು ವಿನಿಯೋಗಿಸಕೂಡದೆಂದು ನಿಶ್ಚಯಿಸಿದ್ದು ೧೮೨೬ರಲ್ಲಿ. ಅಂದರೆ ಬಳ್ಳಾರಿಯಲ್ಲಿ ಹಳೆಯ ಒಡಂಬಡಿಕೆಯ ಭಾಷಾಂತರ ನಡೆಯುತ್ತಿದ್ದ ಕಾಲದಲ್ಲಿಯೇ.

ಇದರಲ್ಲಿ ನಂಬಿಕೆಯ ವಿಷಯವೂ ಅಡಗಿದೆ. ಮೃತರ ಆತ್ಮಗಳಿಗಾಗಿ ಪ್ರಾರ್ಥಿಸುವ ಕಥೋಲಿಕ ಆಚಾರಕ್ಕೆ ಮಕ್ಕಬಿಯರ ಎರಡನೆಯ ಗ್ರಂಥದ ೧೨ನೆಯ ಅಧ್ಯಾಯವನ್ನು ಆಧಾರವಾಗಿ ತೋರಿಸುವುದುಂಟು. ಆ ಗ್ರಂಥವನ್ನು ಶಾಸ್ತ್ರವೆಂದು ಒಪ್ಪದವರಿಗೆ ಆ ಆಧಾರ ಸಲ್ಲುವುದಿಲ್ಲ. ಆದರೆ ಆಚಾರವು ಅದೊಂದರಿಂದಲೇ ಹುಟ್ಟಿದುದಲ್ಲ. ರೋಮ್ ನಗರದ ಪ್ರಾಚೀನ ಕ್ರೈಸ್ತರ ಭೂಗತ ಸಮಾಧಿಗಳ ಬರೆಹಗಳಲ್ಲಿಯೂ ಮೃತರಿಗಾಗಿ ಮಾಡಿದ ಪ್ರಾರ್ಥನೆಗಳು ಕಾಣಸಿಗುತ್ತವೆ. ೧೯೪೭ರಿಂದ ಮುಂದಕ್ಕೆ ಮೃತಸಮುದ್ರದ ಸಮೀಪದ ಕುಮ್ರಾನ್ ಗವಿಗಳಲ್ಲಿ ದೊರೆತ ಸುರುಳಿಗಳಲ್ಲಿ ತೋಬಿತನ ಗ್ರಂಥದ ಅರಮಾಯಿಕ್ ಮತ್ತು ಹೀಬ್ರೂ ತುಣುಕುಗಳೂ, ಸಿರಾಖನ ಹೀಬ್ರೂ ತುಣುಕುಗಳೂ ಸಿಕ್ಕಿವೆ. ಇವು ಮಧ್ಯಯುಗದಲ್ಲಿ ರೋಮಿನವರು ಕಟ್ಟಿದ ಗ್ರಂಥಗಳೆಂಬ ಮಾತಿಗೆ ಇನ್ನು ಎಡೆಯಿಲ್ಲ. ಅವು ಶಾಸ್ತ್ರವೇ ಎಂಬ ಪ್ರಶ್ನೆಗೆ ಮಾತ್ರ ಹಸ್ತಪ್ರತಿಯು ಉತ್ತರ ಕೊಡಲಾರದು. ಅದು ಆಯಾ ಸಮಾಜದ ಪರಂಪರೆಯ ನಿರ್ಣಯ.

೪. ಎರಡನೆಯ ಪ್ರಶ್ನೆ: ಮೋಶೆಗೆ ಕೋಡೇಕೆ?

ರೋಮ್ ನಗರದ ಸಾನ್ ಪಿಯೆತ್ರೊ ಇನ್ ವಿಂಕೊಲಿ ದೇವಾಲಯದಲ್ಲಿ ಮೈಕೆಲ್ ಏಂಜೆಲೊ ಕಡೆದ, ೧೬ನೆಯ ಶತಮಾನದ, ಮೋಶೆಯ ಪ್ರತಿಮೆಯಿದೆ. ಅದರ ತಲೆಯ ಮೇಲೆ ಎರಡು ಪುಟ್ಟ ಕೋಡುಗಳಿವೆ. ಚಿತ್ರಪಟಗಳಲ್ಲಿ ಇದನ್ನು ಕಂಡವರು ಬೆರಗಾಗುವುದು ಸಹಜ. ಇದರ ಮೂಲವಿರುವುದು ಒಂದು ಶಬ್ದದಲ್ಲಿ. ಸಿನಾಯ್ ಬೆಟ್ಟದಿಂದ ಇಳಿದುಬಂದ ಮೋಶೆಯ ಮುಖವನ್ನು ವರ್ಣಿಸುವಲ್ಲಿ, ವಿಮೋಚನಕಾಂಡದ ೩೪ನೆಯ ಅಧ್ಯಾಯದಲ್ಲಿ, ‘ಕಾರನ್’ ಎಂಬ ಹೀಬ್ರೂ ಕ್ರಿಯಾಪದವಿದೆ. ಕಿರಣ ಸೂಸಿತು ಎಂದು ಇದರ ಅರ್ಥವೆಂಬುದು ಬಹುಜನ ವಿದ್ವಾಂಸರ ಅಭಿಪ್ರಾಯ. ‘ಕೆರೆನ್’ ಎಂಬ ನಾಮಪದಕ್ಕೆ ಕೋಡು ಎಂದರ್ಥ. ಸ್ವರಚಿಹ್ನೆಗಳಿಲ್ಲದೆ ವ್ಯಂಜನಗಳನ್ನಷ್ಟೇ ಬರೆಯುತ್ತಿದ್ದ ಪ್ರಾಚೀನ ಹೀಬ್ರೂ ಬರೆವಣಿಗೆಯಲ್ಲಿ ಎರಡಕ್ಕೂ ರೂಪ ಒಂದೇ. ಗ್ರೀಕ್ ಸೆಪ್ಟುವಜಿಂಟ್ ಪಾಠವು ಮಹಿಮೆಗೊಂಡಿತು ಎಂಬರ್ಥವನ್ನು ಹಿಡಿಯಿತು. ಜೆರೋಮನು ತನಗಿಂತ ಹಿಂದಿನ ಅಕ್ವಿಲನೆಂಬ ಭಾಷಾಂತರಕಾರನಂತೆ ಕೋಡಿನ ಅರ್ಥವನ್ನು ಹಿಡಿದನು.

ಇದನ್ನು ಕೇವಲ ಅಜ್ಞಾನವೆಂದು ಹಳಿಯುವುದು ಸಲ್ಲದು. ಹೀಬ್ರೂ ಕಾವ್ಯಗಳಲ್ಲಿ ಕೋಡು ಬಲಕ್ಕೂ ಗೌರವಕ್ಕೂ ಸಂಕೇತ. ‘ಅವನಿಗೇನು ಎರಡು ಕೋಡಿದೆಯೆ?’ ಎಂದು ಕೇಳುವ ಕನ್ನಡಿಗನಿಗೆ ಈ ಸಂಕೇತವನ್ನು ವಿವರಿಸಬೇಕಾಗಿಲ್ಲ. ಆದರೆ ಮಾತಿನ ಸಂಕೇತವು ಚಿತ್ರಕಾರನ ಕೈಗೆ ಹೋದಾಗ ನಿಜವಾದ ಕೋಡೇ ಆಯಿತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವ, ೧೧ನೆಯ ಶತಮಾನದ, ಪ್ರಾಚೀನ ಇಂಗ್ಲಿಷ್ ಭಾಷೆಯ ಸಚಿತ್ರ ಹಸ್ತಪ್ರತಿಯೊಂದರಲ್ಲಿ ಕೋಡುಳ್ಳ ಮೋಶೆಯ ಅತಿ ಪ್ರಾಚೀನ ಚಿತ್ರಗಳಿವೆ. ಪೂಜ್ಯಭಾವದಿಂದ ಮೂಡಿದ ಈ ಕೋಡು, ಸೈತಾನನಿಗೂ ಕೋಡು ಬರೆಯುವ ರೂಢಿ ಬೆಳೆದ ಯುರೋಪಿನಲ್ಲಿ, ಯಹೂದ್ಯರನ್ನು ಹೀನಾಯವಾಗಿ ಚಿತ್ರಿಸುವವರಿಗೂ ಒಂದು ನೆವವಾಯಿತು. ಒಂದು ಶಬ್ದದ ಅರ್ಥವು ಒಂದು ಜನಾಂಗದ ಮಾನದ ಪ್ರಶ್ನೆಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ೧೯೭೯ರಲ್ಲಿ ರೋಮ್ ಪ್ರಕಟಿಸಿದ ‘ನವ ವಲ್ಗೇಟ್’ ಪಾಠದಲ್ಲಿ ಕೋಡು ಮಾಯವಾಗಿ ಪ್ರಕಾಶದ ಅರ್ಥವೇ ನಿಂತಿದೆ.

೫. ಮೂರನೆಯ ಪ್ರಶ್ನೆ: ಅಂಚಿನಿಂದ ಒಳಗೆ ಬಂದ ವಾಕ್ಯ

ಯೊವಾನ್ನನ ಮೊದಲನೆಯ ಪತ್ರದ ೫ನೆಯ ಅಧ್ಯಾಯದಲ್ಲಿ ಆತ್ಮ, ಜಲ, ರಕ್ತ ಎಂಬ ಮೂರು ಸಾಕ್ಷಿಗಳ ಮಾತು ಬರುತ್ತದೆ. ಹಳೆಯ ಮುದ್ರಿತ ಬೈಬಲುಗಳಲ್ಲಿ ಇದರೊಡನೆ ಪರಲೋಕದ ಮೂರು ಸಾಕ್ಷಿಗಳನ್ನೂ—ಪಿತ, ವಾಕ್ಯ, ಪವಿತ್ರಾತ್ಮ—ಹೆಸರಿಸಿ, ಈ ಮೂವರೂ ಒಂದೇ ಎಂದು ಸಾರುವ ವಾಕ್ಯವೊಂದಿದೆ. ತ್ರ್ಯೇಕದೇವತತ್ತ್ವವನ್ನು ಇಷ್ಟು ಸ್ಪಷ್ಟವಾಗಿ ಹೇಳುವ ವಾಕ್ಯ ಬೈಬಲಿನಲ್ಲಿ ಬೇರೊಂದಿಲ್ಲ. ಆದರೆ ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಒಂದರಲ್ಲಿಯೂ ಇದು ಇಲ್ಲ. ಇರುವುದು ಸುಮಾರು ಹತ್ತು ಗ್ರೀಕ್ ಪ್ರತಿಗಳಲ್ಲಿ ಮಾತ್ರ. ಅವೆಲ್ಲ ಬಹಳ ಈಚಿನವು. ಕೆಲವುಗಳಲ್ಲಿ ಅದು ಅಂಚಿನಲ್ಲಿ ಬೇರೆಯ ಕೈಯಿಂದ ಬರೆದದ್ದಾಗಿದೆ.

ಲ್ಯಾಟಿನ್ನಿನ ಕಥೆ ಬೇರೆ. ೪ನೆಯ ಶತಮಾನದ ಕೊನೆಯಲ್ಲಿ ಸ್ಪೇನಿನ ಪ್ರಿಸಿಲಿಯನ್ ಪಂಗಡದ ಬರೆಹವೊಂದರಲ್ಲಿ ಈ ಮಾತು ಮೊದಲು ಕಾಣುತ್ತದೆ. ಹೀಗಿದ್ದರೂ ೫೪೭ರ ಫುಲ್ಡ ಪ್ರತಿಯಲ್ಲಿಯೂ, ೭೦೦ರ ಸುಮಾರಿನ ಅಮಿಯಾತ ಪ್ರತಿಯಲ್ಲಿಯೂ—ಇವೆರಡೂ ವಲ್ಗೇಟಿನ ಶ್ರೇಷ್ಠ ಪ್ರತಿಗಳು—ಅದು ಇಲ್ಲ. ಫುಲ್ಡ ಪ್ರತಿಯಲ್ಲಿ ಒಂದು ವಿಚಿತ್ರವಿದೆ. ಭಾಷಾಂತರಕಾರರು ಈ ವಾಕ್ಯವನ್ನು ಬಿಟ್ಟುಬಿಟ್ಟರೆಂದು ಆಕ್ಷೇಪಿಸುವ ಮುನ್ನುಡಿಯೊಂದು ಜೆರೋಮನ ಹೆಸರಿನಲ್ಲಿ ಅಲ್ಲಿದೆ; ಆದರೆ ಅದೇ ಪ್ರತಿಯ ಪಾಠದಲ್ಲಿ ಆ ವಾಕ್ಯವೇ ಇಲ್ಲ! ೧೩ನೆಯ ಶತಮಾನದ ಪ್ಯಾರಿಸ್ ವಿಶ್ವವಿದ್ಯಾನಿಲಯದ ಪರಿಸರದಲ್ಲಿ ಪ್ರಚಾರಗೊಂಡ ಬೈಬಲುಗಳ ಹೊತ್ತಿಗೆ ಅದು ಪಾಠದಲ್ಲಿ ಭದ್ರವಾಗಿ ನೆಲೆಸಿದ್ದಿತು.

ಇದು ಹೇಗೆ ನಡೆದಿರಬೇಕೆಂಬುದನ್ನು ಓಲೆಗರಿಗಳೊಡನೆ ಬಳಕೆಯಿರುವವರು ಸುಲಭವಾಗಿ ಊಹಿಸಬಲ್ಲರು. ಮೂರು ಸಾಕ್ಷಿಗಳ ಮಾತಿಗೆ ಓದುಗನೊಬ್ಬನು ತ್ರಿತ್ವಪರವಾದ ವ್ಯಾಖ್ಯಾನವನ್ನು ಅಂಚಿನಲ್ಲಿ ಬರೆದನು. ಮುಂದಿನ ಲಿಪಿಕಾರನು ಅದನ್ನು ಬಿಟ್ಟುಹೋದ ಪಾಠವೆಂದು ಭಾವಿಸಿ ಒಳಕ್ಕೆ ಸೇರಿಸಿದನು. ಇಲ್ಲಿ ವಂಚನೆಯ ಬುದ್ಧಿಗಿಂತ ಶ್ರದ್ಧೆಯೇ ಹೆಚ್ಚು. ನಮ್ಮ ಸಂಪಾದಕರು ‘ಪ್ರಕ್ಷಿಪ್ತ’ವೆಂದು ಕರೆಯುವುದು ಇಂತಹುದನ್ನೇ. ೧೯೬೬ರಲ್ಲಿ ಪೂರ್ಣಗೊಂಡ ಪುಣೆಯ ಭಂಡಾರಕರ್ ಸಂಸ್ಥೆಯ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ ಇಂತಹ ಅನೇಕ ಭಾಗಗಳನ್ನು ಅಡಿಟಿಪ್ಪಣಿಗಳಿಗೂ ಅನುಬಂಧಗಳಿಗೂ ಇಳಿಸಿರುವುದು ವಾಚಕರಿಗೆ ತಿಳಿದೇ ಇದೆ.

ಎರಾಸ್ಮಸನು ೧೫೧೬ ಮತ್ತು ೧೫೧೯ರ ತನ್ನ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಈ ವಾಕ್ಯವನ್ನು ಬಿಟ್ಟನು. ತೀವ್ರವಾದ ಆಕ್ಷೇಪಣೆ ಬಂದಿತು. ಆಮೇಲೆ ಈ ವಾಕ್ಯವುಳ್ಳ ಗ್ರೀಕ್ ಪ್ರತಿಯೊಂದು ಅವನ ಗಮನಕ್ಕೆ ಬರಲಾಗಿ ೧೫೨೨ರ ಆವೃತ್ತಿಯಲ್ಲಿ ಅದನ್ನು ಸೇರಿಸಿದನು. ಆ ಪ್ರತಿ ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. ಅದು ೧೬ನೆಯ ಶತಮಾನದ ಆರಂಭದಲ್ಲಿ ಬರೆದದ್ದು. ಇದೇ ಎರಾಸ್ಮಸನಿಗೆ ಪ್ರಕಟನೆ ಗ್ರಂಥದ ಕಡೆಯ ಹಾಳೆ ಗ್ರೀಕ್ ಪ್ರತಿಯಲ್ಲಿ ದೊರೆಯದೆ, ಆ ಕೊನೆಯ ವಾಕ್ಯಗಳನ್ನು ಲ್ಯಾಟಿನ್ನಿನಿಂದ ಗ್ರೀಕಿಗೆ ತಾನೇ ತಿರುಗಿಸಬೇಕಾಯಿತು. ಆದುದರಿಂದ ಪ್ರೊಟೆಸ್ಟೆಂಟರು ಮೂಲವೆಂದು ಹಿಡಿದ ಗ್ರೀಕ್ ಪಾಠದಲ್ಲಿಯೂ ವಲ್ಗೇಟಿನ ಅಂಶ ಸೇರಿದೆ. ಈ ವಾಕ್ಯವು ೧೬೧೧ರ ಇಂಗ್ಲಿಷ್ ಬೈಬಲಿಗೂ ಬಂದಿತು. ೧೮೮೧ರ ಇಂಗ್ಲಿಷ್ ಪರಿಷ್ಕರಣದಲ್ಲಿ ಬಿಡಲ್ಪಟ್ಟಿತು. ಎರಡು ದಾರಿಗಳೆಂದು ಮೊದಲು ಹೇಳಿದೆವಷ್ಟೆ. ಅವು ನಾವು ಎಣಿಸುವಷ್ಟು ಪ್ರತ್ಯೇಕವಾಗಿರಲಿಲ್ಲ.

ಕಥೋಲಿಕ ಧರ್ಮಸಭೆಯ ನಿಲವೂ ಒಂದೇ ಕಡೆ ನಿಂತುದಲ್ಲ. ಈ ವಾಕ್ಯದ ಪ್ರಾಮಾಣ್ಯವನ್ನು ಅಲ್ಲಗಳೆಯುವುದು ಕ್ಷೇಮವಲ್ಲವೆಂದು ೧೮೯೭ರಲ್ಲಿ ರೋಮಿನ ಪವಿತ್ರ ಕಾರ್ಯಾಲಯವು ಆಜ್ಞಾಪಿಸಿತು. ವಿದ್ವಾಂಸರು ಸಾಕ್ಷ್ಯವನ್ನು ತೂಗಿನೋಡಿ ಅದಕ್ಕೆ ವಿರುದ್ಧವಾದ ಅಭಿಪ್ರಾಯಕ್ಕೂ ಬರಬಹುದೆಂದು ೧೯೨೭ರಲ್ಲಿ ಅದೇ ಕಾರ್ಯಾಲಯವು ಸ್ಪಷ್ಟಪಡಿಸಿತು. ಟ್ರೆಂಟ್ ಸಭೆಯು ವಲ್ಗೇಟನ್ನು ಪ್ರಮಾಣವೆಂದದ್ದು ಉಪದೇಶದ ಬಳಕೆಗೆ ಸಂಬಂಧಿಸಿದ ಮಾತೇ ಹೊರತು ಪಾಠಸಂಶೋಧನೆಗೆ ಸಂಬಂಧಿಸಿದುದಲ್ಲವೆಂದೂ, ಮೂಲಭಾಷೆಗಳ ಅಧ್ಯಯನ ನಡೆಯಬೇಕೆಂದೂ ಹನ್ನೆರಡನೆಯ ಪಯಸ್ ಪೋಪರು ೧೯೪೩ರಲ್ಲಿ ವಿಧಿಸಿದರು. ೧೯೭೯ರ ನವ ವಲ್ಗೇಟಿನಲ್ಲಿ ಈ ವಾಕ್ಯ ಇಲ್ಲ. ಹಾಗೆಂದು ತ್ರಿತ್ವದ ನಂಬಿಕೆ ಬಿದ್ದುಹೋಯಿತೆ? ಇಲ್ಲ. ೩೨೫ರ ನೈಸಿಯ ಸಭೆಯೂ ೩೮೧ರ ಕಾನ್‌ಸ್ಟಾಂಟಿನೋಪಲ್ ಸಭೆಯೂ ಆ ತತ್ತ್ವವನ್ನು ರೂಪಿಸಿದಾಗ ಈ ವಾಕ್ಯವನ್ನು ಆಧಾರವಾಗಿ ಹಿಡಿದಿರಲಿಲ್ಲ. ನಂಬಿಕೆಯು ವಾಕ್ಯದಿಂದ ಹುಟ್ಟಲಿಲ್ಲ. ನಂಬಿಕೆಯಿಂದ ವಾಕ್ಯ ಹುಟ್ಟಿತು.

೬. ಉಪಸಂಹಾರ

ಮೂರು ಪ್ರಶ್ನೆಗಳಿಗೂ ಮೂರು ಬಗೆಯ ಉತ್ತರಗಳಾದವು. ಗ್ರಂಥಸಂಖ್ಯೆಯ ಭೇದವು ಆಯ್ಕೆಯಿಂದ ಬಂದುದು. ಅಲ್ಲಿ ಕೂಡಿಸಿದ ಕಳ್ಳನೂ ಇಲ್ಲ, ಕಳೆದ ದ್ರೋಹಿಯೂ ಇಲ್ಲ. ಕೋಡು ಭಾಷಾಂತರದಿಂದ ಬಂದುದು; ಅದನ್ನು ನಿಘಂಟು ವ್ಯಾಕರಣಗಳಿಂದ ವಿಚಾರಿಸಬೇಕು. ಮೂರು ಸಾಕ್ಷಿಗಳ ವಾಕ್ಯವು ಪ್ರತಿಲೇಖನದಿಂದ ಬಂದುದು. ಅದೊಂದನ್ನು ಮಾತ್ರ ಹಸ್ತಪ್ರತಿಗಳ ಆಧಾರದಿಂದಲೇ ಇತ್ಯರ್ಥಪಡಿಸಬಹುದು. ಮೊದಲನೆಯ ಪ್ರಶ್ನೆಗೆ ಮೂರನೆಯದರ ಉತ್ತರವನ್ನು ಕೊಟ್ಟಾಗಲೇ ನೆರೆಯವನ ಧರ್ಮಗ್ರಂಥವನ್ನು ಕೃತ್ರಿಮವೆಂದು ಕರೆಯುವ ದುಡುಕು ಉಂಟಾಗುತ್ತದೆ.

ಕಾಲೇಜಿನ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಹಳೆಯ ಮನೆತನಗಳಲ್ಲಿಯೂ ದೇವಾಲಯಗಳಲ್ಲಿಯೂ ಇರುವ ಕನ್ನಡ ಬೈಬಲುಗಳನ್ನು ಒಡೆಯರ ಅಪ್ಪಣೆ ಪಡೆದು ನೋಡಿ, ಮುಖಪುಟದಿಂದ ಅಚ್ಚಾದ ವರ್ಷವನ್ನೂ ಸ್ಥಳವನ್ನೂ ಗುರುತುಮಾಡಿಕೊಂಡು, ಗ್ರಂಥಗಳನ್ನು ಎಣಿಸಿ, ಮೇಲೆ ಹೇಳಿದ ಎರಡು ಸ್ಥಳಗಳ ಪಾಠವನ್ನು ಹೋಲಿಸಿದರೆ ಸಾಕು. ಎಣಿಸುವಾಗ ಒಂದು ಮಾತು ನೆನಪಿರಲಿ: ಇಂದಿನ ಅಧ್ಯಾಯ ವಿಭಾಗವು ೧೩ನೆಯ ಶತಮಾನದ್ದು, ಹೊಸ ಒಡಂಬಡಿಕೆಯ ವಾಕ್ಯಸಂಖ್ಯೆಗಳು ೧೫೫೧ರಲ್ಲಿ ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕನು ಹಾಕಿದುವು. ಹೀಗೆ ಕಲಿತ ಕ್ರಮವನ್ನು ಅವರು ನಾಳೆ ವಚನಗಳ ಓಲೆಗರಿಗಳ ಮೇಲೂ, ಪರಸ್ಪರ ಭಿನ್ನವಾದ ಶಾಸನಪಾಠಗಳ ಮೇಲೂ ಪ್ರಯೋಗಿಸಬಲ್ಲರು. ಪರರ ಗ್ರಂಥಕ್ಕೆ ಒಂದು ಅಳತೆ, ತಮ್ಮ ಗ್ರಂಥಕ್ಕೆ ಇನ್ನೊಂದು ಅಳತೆ ಇಟ್ಟುಕೊಳ್ಳದಿರುವುದೇ ಈ ಅಭ್ಯಾಸದ ಮುಖ್ಯ ಪ್ರಯೋಜನ.